ಮೂರು ಸಲ ಚುಚ್ಚಿದರೆ ಮೂರು ನಂಬರು: ಶುಗರ್ ಮಿಷನ್ ನಮ್ಮ ಜಗಲಿಗೆ ಬಂದ ಕತೆ

ಮೊಸಳೆಯ ನಮ್ಮ ದೊಡ್ಡಪ್ಪನ ಹತ್ತಿರ ಉದ್ದನೆಯ ಒಂದು ಲೆಕ್ಕದ ಪುಸ್ತಕ ಇದೆ. ಮುಂದಿನಿಂದ ತೆಗೆದರೆ ಡೈರಿಗೆ ಹಾಕಿದ ಹಾಲಿನ ಲೆಕ್ಕ. ಹಿಂದಿನಿಂದ ತೆಗೆದರೆ ಶುಗರ್ ಲೆಕ್ಕ. ಹೋದ ವರ್ಷ ಒಂದು ಬೆಳಿಗ್ಗೆ ಅವರು ಬರೆದಿದ್ದು ಹೀಗಿದೆ: 6.40ಕ್ಕೆ 186, 6.44ಕ್ಕೆ 209, 6.50ಕ್ಕೆ 171. ಅದರ ಕೆಳಗೆ ಪೆನ್ನು ಒತ್ತಿ ಬರೆದ ಎರಡೇ ಪದ: ‘ಸುಳ್ಳು ಮಿಷನ್’.

“ಹತ್ತು ನಿಮಿಷದಲ್ಲಿ ನಾನೇನ್ ತಿಂದೆ, ಏನ್ ಮಾಡ್ದೆ? ಕುಂತ ಜಾಗದಿಂದ ಎದ್ದಿಲ್ಲ. ಮೂರು ಸ್ಟ್ರಿಪ್ ಹಾಳಾಯ್ತು, ಅರವತ್ತು ರೂಪಾಯಿ ಹೋಯ್ತು. ಇದ್ರಲ್ಲಿ ಯಾವ್ದು ನಿಜ ಹೇಳಪ್ಪ, ನೀನು ಪೇಪರ್‌ನೋನಲ್ವ” ಎಂದು ನಮ್ಮನ್ನೇ ಕೇಳಿದರು.

ನಮಗೆ ಅವತ್ತು ಉತ್ತರ ಗೊತ್ತಿರಲಿಲ್ಲ. ನಕ್ಕು ಸುಮ್ಮನಾದೆವು.

ನಗು ನಿಂತಿದ್ದು ಹಲಸಿನ ಕಾಲದಲ್ಲಿ. ಒಂದು ಸಂಜೆ ದೊಡ್ಡಪ್ಪ ಜಗಲಿಯ ಮೇಲೆ ಕೂತು ಮೊಮ್ಮಕ್ಕಳಿಗೆ ತೊಳೆ ಬಿಡಿಸಿ ಕೊಟ್ಟರು. ಕೈಗೆ ಎಣ್ಣೆ ಸವರಿಕೊಂಡಿದ್ದರು, ಅಂಟನ್ನು ಟವೆಲ್ಲಿಗೆ ಒರೆಸಿಕೊಂಡರು. ತಾವು ಒಂದು ತೊಳೆಯನ್ನೂ ಬಾಯಿಗಿಡಲಿಲ್ಲ ಎಂದು ದೊಡ್ಡಮ್ಮ ಈಗಲೂ ಸಾಕ್ಷಿ ಹೇಳುತ್ತಾರೆ. ಆಮೇಲೆ ಬೆರಳು ಚುಚ್ಚಿ ನೋಡಿದರೆ 318. ಗಾಬರಿಯಲ್ಲಿ ರಾತ್ರಿಯ ಮುದ್ದೆ ಬಿಟ್ಟರು. ಮಾತ್ರೆಯನ್ನು ಮಾತ್ರ ಒಂದರ ಬದಲು ಎರಡು ನುಂಗಿದರು.

ರಾತ್ರಿ ಮೂರು ಗಂಟೆಗೆ ದೊಡ್ಡಮ್ಮ ಎದ್ದು ನೋಡಿದಾಗ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಹೆತ್ತ ಮಗನನ್ನೇ “ಯಾರಪ್ಪ ನೀನು” ಎಂದು ಕೇಳಿದರಂತೆ. ಮಿಷನ್‌ನಲ್ಲಿ 48. ನುಂಗುವಷ್ಟು ಎಚ್ಚರ ಇದ್ದುದರಿಂದ ಸಕ್ಕರೆ ನೀರು ಕುಡಿಸಿದರು, ಕಾರು ಮಾಡಿಕೊಂಡು ಹಾಸನಕ್ಕೆ ಹೊರಟರು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು, ಸಕ್ಕರೆ ಏನನ್ನೂ ಹಾಕಬಾರದು. ಅದು ಶ್ವಾಸಕ್ಕೆ ಹೋಗುತ್ತದೆ. ಆಗ 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆ ಸೇರುವಾಗ ದೊಡ್ಡಪ್ಪ ಸುಧಾರಿಸಿದ್ದರು. ಆದರೂ ವೈದ್ಯರು ಒಂದು ದಿನ ಇಟ್ಟುಕೊಂಡರು. ಅವರು ನುಂಗುವ ಜಾತಿಯ ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ಸಕ್ಕರೆ ನೀರಿನಿಂದ ಏರಿದ್ದು ಮತ್ತೆ ಇಳಿಯಬಹುದು ಎಂದರು.

ಅಲ್ಲಿಂದ ಬಂದ ಮೇಲೆ ನಾವು ಈ ಮಿಷನ್ನಿನ ಬೆನ್ನು ಹತ್ತಿದೆವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಸುದ್ದಿಗೆ ತಿರುಗುವಾಗ ಈಗ ಯಾವ ಊರಿನ ಜಗಲಿಯಲ್ಲಿ ಕೂತರೂ ಶುಗರ್ ಮಾತು ಬಂದೇ ಬರುತ್ತದೆ. ಮಾತು ಬಂದರೆ “ಆ ಮಿಷನ್ ನಂಬಂಗಿಲ್ಲ” ಎಂಬ ದೂರೂ ಬರುತ್ತದೆ. ಆ 186, 209, 171 ಒಂದು ಬಗೆಯ ವ್ಯತ್ಯಾಸ. ಆ 318 ಬೇರೆಯೇ ಬಗೆ. ಎರಡನ್ನೂ ನಾವು ಒಂದೇ ‘ಸುಳ್ಳು’ ಎಂಬ ಮಾತಿನಲ್ಲಿ ಕಟ್ಟಿಬಿಡುತ್ತೇವೆ. ಇವು ಹೇಗೆ ಬೇರೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇರುವೆ, ಮೈಲುತುತ್ತ, ಇಟ್ಟಿಗೆ ಬಣ್ಣ

ಅಳೆಯುವುದಕ್ಕೆ ಮೊದಲು ಗುರುತಿಸುವುದು ಬಂತು. ಚರಕ, ಸುಶ್ರುತರ ಸಂಹಿತೆಗಳಲ್ಲೇ ಮಧುಮೇಹದ ಹೆಸರಿದೆ. ಮೂತ್ರ ಜೇನಿನಂತೆ ಸಿಹಿ, ಅದಕ್ಕೆ ಇರುವೆ ಮುತ್ತುತ್ತದೆ ಎಂಬುದನ್ನು ನಮ್ಮ ಹಳೆಯ ವೈದ್ಯರು ಕಂಡುಕೊಂಡಿದ್ದರು. ಹಿತ್ತಲಲ್ಲಿ ಇರುವೆ ಸಾಲು ನೋಡಿ “ಇವರಿಗೆ ಸಿಹಿಮೂತ್ರ” ಎಂದು ಹೇಳುತ್ತಿದ್ದ ಅಜ್ಜಿಯರನ್ನು ನಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಇಂಗ್ಲೆಂಡಿನಲ್ಲಿ 1674ರಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯ ರೋಗಿಯ ಮೂತ್ರ ಸಿಹಿ ಎಂದು ಬರೆದ. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಅದನ್ನು ಕಾಯಿಸಿ ಇಂಗಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. ರೋಗಿಯ ರಕ್ತದಲ್ಲೂ ಸಿಹಿ ಇದೆ ಎಂದ.

ಇರುವೆ ಇದೆ ಅಥವಾ ಇಲ್ಲ ಎಂದು ಹೇಳಬಲ್ಲದು. ಎಷ್ಟಿದೆ ಎಂದು ಹೇಳಲಾರದು. ಆ ‘ಎಷ್ಟು’ ಎಂಬುದಕ್ಕೆ ಸಾಮಾನ್ಯ ಆಸ್ಪತ್ರೆಗಳಲ್ಲಿ ಬಹುಕಾಲ ಉತ್ತರ ಕೊಟ್ಟಿದ್ದು ನಾವು ಚೆನ್ನಾಗಿ ಬಲ್ಲ ವಸ್ತು: ಮೈಲುತುತ್ತ. ಆಲೂಗಡ್ಡೆಗೆ ಅಂಗಮಾರಿ ಬಿದ್ದಾಗ, ಅಡಿಕೆಗೆ ಕೊಳೆ ಬಂದಾಗ ಸುಣ್ಣದ ಜೊತೆ ಕಲಸಿ ಹೊಡೆಯುತ್ತೇವಲ್ಲ, ಅದೇ. 1908ರ ಸುಮಾರಿಗೆ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಮೈಲುತುತ್ತಕ್ಕೆ ಇನ್ನೆರಡು ಲವಣ ಸೇರಿಸಿ ಒಂದು ನೀಲಿ ದ್ರಾವಣ ಮಾಡಿದ. ಐದು ಮಿಲಿಲೀಟರ್ ನೀಲಿ ನೀರಿಗೆ ಎಂಟು ತೊಟ್ಟು ಮೂತ್ರ ಹಾಕಿ ಕಾಯಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿಯಾಗೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ತೀರ ಹೆಚ್ಚಿದ್ದರೆ ಇಟ್ಟಿಗೆ ಕೆಂಪು. “ನಂಗೆ ಮೂರು ಪ್ಲಸ್ ಐತೆ” ಎಂದು ಹಿಂದಿನವರು ಹೇಳುತ್ತಿದ್ದರಲ್ಲ, ಆ ಪ್ಲಸ್‌ಗಳು ಈ ಬಣ್ಣಗಳ ಹೆಸರು. ಪಿಯುಸಿಯಲ್ಲಿ ಸೈನ್ಸ್ ಓದಿದ ನಿಮ್ಮ ಮಕ್ಕಳನ್ನು ಕೇಳಿ, ಈ ಪರೀಕ್ಷೆ ಲ್ಯಾಬ್‌ನಲ್ಲಿ ಮಾಡಿರುತ್ತಾರೆ.

ಆದರೆ ಮೂತ್ರ ಹೇಳುವುದು ಹಳೆಯ ಸುದ್ದಿ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆ ಮಾತ್ರ ಮೂತ್ರಪಿಂಡ ಅದನ್ನು ಹೊರಗೆ ಬಿಡುತ್ತದೆ. ಮೂತ್ರಕೋಶದಲ್ಲಿ ನಿಂತಿರುವುದು ಎರಡು ಮೂರು ಗಂಟೆ ಹಿಂದಿನದು. ಎಲ್ಲಕ್ಕಿಂತ ದೊಡ್ಡ ಕೊರತೆ, ಸಕ್ಕರೆ ಕಡಿಮೆಯಾದರೆ ಅದು ಏನೂ ಹೇಳದು. ದೊಡ್ಡಪ್ಪನ ಆ ರಾತ್ರಿಯ 48 ಬೆನೆಡಿಕ್ಟನ ಟ್ಯೂಬಿನಲ್ಲಿ ನೀಲಿಯಾಗಿ, ‘ಎಲ್ಲ ಸರಿ’ ಎಂಬಂತೆ ಕಾಣುತ್ತಿತ್ತು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಇನ್ಸುಲಿನ್ ಮೊದಲ ರೋಗಿಯ ಮೈ ಸೇರಿತು. ಅವತ್ತಿನಿಂದ ಸಕ್ಕರೆ ಇಳಿದುಬಿಡುವ ಭಯವೂ ಜೊತೆಗೆ ಬಂತು. ಮೂತ್ರ ನೋಡಿಕೊಂಡು ಔಷಧದ ಅಳತೆ ಹಾಕುವುದು ಕತ್ತಲಲ್ಲಿ ಗದ್ದೆಯ ಬದು ನಡೆದಂತೆ ಆಯಿತು.

ಒಂದು ಹನಿ ರಕ್ತ, ಒಂದು ನಿಮಿಷ

ಇಂದಿನ ಸ್ಟ್ರಿಪ್ಪಿನ ಮುತ್ತಜ್ಜ ಹುಟ್ಟಿದ್ದು ಅಮೆರಿಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನಲ್ಲಿ. ಅಲ್ಲಿನ ಏಮ್ಸ್ ಕಂಪನಿ 1941ರಲ್ಲಿ ಮೂತ್ರ ಪರೀಕ್ಷೆಯ ಮಾತ್ರೆ ತಂದಿತು, ದೀಪದ ಮೇಲೆ ಕಾಯಿಸುವ ಕೆಲಸ ತಪ್ಪಿತು. 1956ರಲ್ಲಿ ಅಲ್ಲಿಯೇ ಕೆಲಸಕ್ಕಿದ್ದ ಆಲ್‌ಫ್ರೆಡ್ ಫ್ರೀ, ಹೆಲೆನ್ ಫ್ರೀ ಎಂಬ ಗಂಡ ಹೆಂಡತಿ ಅದ್ದಿ ನೋಡುವ ಪಟ್ಟಿ ಮಾಡಿದರು. 1965ರಲ್ಲಿ ಮೂತ್ರ ಬಿಟ್ಟು ರಕ್ತಕ್ಕೆ ಬಂದ ‘ಡೆಕ್ಸ್‌ಟ್ರೋಸ್ಟಿಕ್ಸ್’ ಪಟ್ಟಿ ಬಂತು.

ಅದನ್ನು ಬಳಸುವ ಕ್ರಮ ಕೇಳಿದರೆ ನಮ್ಮ ಮೂರು ನಂಬರಿನ ಗುಟ್ಟು ಅರ್ಧ ಬಿಡುತ್ತದೆ. ದೊಡ್ಡ ಹನಿ ರಕ್ತ ಹಾಕಬೇಕು. ಗಡಿಯಾರ ನೋಡಿ ಸರಿಯಾಗಿ 60 ಸೆಕೆಂಡ್ ಕಾಯಬೇಕು. ನೀರು ಚಿಮ್ಮಿ ತೊಳೆಯಬೇಕು. ಪಟ್ಟಿಯ ನೀಲಿಯನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಬೇಕು. ಒಬ್ಬರು 55ನೇ ಸೆಕೆಂಡಿಗೆ ತೊಳೆದರು, ಇನ್ನೊಬ್ಬರು 70ಕ್ಕೆ. ಒಬ್ಬರು ಕಿಟಕಿಯ ಬೆಳಕಲ್ಲಿ ನೋಡಿದರು, ಇನ್ನೊಬ್ಬರು ಬಲ್ಬಿನ ಕೆಳಗೆ. ಒಂದೇ ರೋಗಿ, ಇಬ್ಬರು ನರ್ಸ್, ಎರಡು ಉತ್ತರ.

ಈ ಕಣ್ಣುಗಳ ಜಗಳ ಬಿಡಿಸಲು ಬಂದದ್ದೇ ಮಿಷನ್. ಅದೇ ಕಂಪನಿಯ ಆಂಟನ್ ಕ್ಲೆಮೆನ್ಸ್ ಪಟ್ಟಿಯ ಮೇಲೆ ಬೆಳಕು ಬಿಟ್ಟು, ಎಷ್ಟು ವಾಪಸ್ ಬರುತ್ತದೆ ಎಂದು ಅಳೆಯುವ ಯಂತ್ರ ಮಾಡಿದ. 1970ರ ಸುಮಾರಿಗೆ ಮಾರಾಟಕ್ಕೆ ಬಂತು. ಕಿಲೋಗಿಂತ ಹೆಚ್ಚು ತೂಕ, ನೂರಾರು ಡಾಲರ್ ಬೆಲೆ, ಮುಳ್ಳು ತೋರಿಸುವ ಅಂಕಿ. ಮನೆಗಲ್ಲ, ವೈದ್ಯರಿಗೆ ಮತ್ತು ಆಸ್ಪತ್ರೆಗೆ.

ಇಲ್ಲಿ ಒಬ್ಬ ಎಂಜಿನಿಯರ್ ಕತೆ ಹೇಳಲೇಬೇಕು. ನ್ಯೂಯಾರ್ಕಿನ ರಿಚರ್ಡ್ ಬರ್ನ್‌ಸ್ಟೈನ್ ಅವರಿಗೆ 12ನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮೂವತ್ತರ ಹೊತ್ತಿಗೆ ಮೈ ಜರ್ಜರಿತವಾಗಿತ್ತು. 1969ರಲ್ಲಿ ಅವರು ಈ ಮಿಷನ್ನಿನ ಜಾಹೀರಾತು ನೋಡಿದರು. ರಾತ್ರಿ ಹೊತ್ತು ಆಸ್ಪತ್ರೆಗೆ ತಂದವನು ಕುಡಿದು ಬಿದ್ದವನೋ, ಶುಗರ್ ಹೆಚ್ಚು ಕಡಿಮೆಯಾಗಿ ಬಿದ್ದವನೋ ಎಂದು ತಿಳಿಯಲು ಉಪಯೋಗ ಎಂದು ಅದರಲ್ಲಿತ್ತು. ಕೊಳ್ಳಲು ಹೋದರೆ ರೋಗಿಗಳಿಗೆ ಮಾರುವುದಿಲ್ಲ ಎಂದರು. ಅವರ ಹೆಂಡತಿ ಡಾಕ್ಟರ್. ಹೆಂಡತಿಯ ಹೆಸರಿನಲ್ಲಿ 650 ಡಾಲರ್ ಕೊಟ್ಟು ತರಿಸಿಕೊಂಡು ದಿನಕ್ಕೆ ಐದಾರು ಸಲ ಚುಚ್ಚಿ ಬರೆದಿಟ್ಟರು. ಊಟಕ್ಕೆ ಎಷ್ಟು ಏರುತ್ತದೆ, ಇನ್ಸುಲಿನ್ನಿಗೆ ಎಷ್ಟು ಇಳಿಯುತ್ತದೆ ಎಂದು ತಮ್ಮ ಮೈಯ ಲೆಕ್ಕ ತಾವೇ ಕಲಿತರು. ಅದನ್ನು ವೈದ್ಯಕೀಯ ಪತ್ರಿಕೆಗಳಿಗೆ ಬರೆದರೆ ಹಾಕಿಕೊಳ್ಳಲಿಲ್ಲ, ಡಾಕ್ಟರ್ ಅಲ್ಲವಲ್ಲ. ಹಠ ಹಿಡಿದು 45ನೇ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿ ಡಾಕ್ಟರ್ ಆದರು, 90ರವರೆಗೆ ಬದುಕಿದರು. ಮನೆಯಲ್ಲೇ ಚುಚ್ಚಿಕೊಂಡು ನೋಡುವುದು 1978ರ ಹೊತ್ತಿಗೆ ಇಂಗ್ಲೆಂಡಿನ ವೈದ್ಯರ ಬರಹಗಳಿಂದ ಎಲ್ಲರ ಒಪ್ಪಿಗೆ ಪಡೆಯತೊಡಗಿತು.

ಬರ್ನ್‌ಸ್ಟೈನ್ ಬಳಿ ಇದ್ದದ್ದು ಇವತ್ತಿನ ನಮ್ಮ ಮಿಷನ್ನಿಗಿಂತ ಒರಟು ಯಂತ್ರ. ಆದರೂ ಕೆಲಸಕ್ಕೆ ಬಂತು. ಅವರು ಒಂದು ನಂಬರನ್ನು ಹಿಡಿದುಕೊಂಡು ಕೂರಲಿಲ್ಲ, ನಂಬರುಗಳ ಸಾಲು ನೋಡಿದರು. ದೊಡ್ಡಪ್ಪ ಹಾಲಿನ ಲೆಕ್ಕದಲ್ಲಿ ಮಾಡುವುದೂ ಇದನ್ನೇ. ಫ್ಯಾಟ್ ಬೆಳಿಗ್ಗೆ ಒಂದು, ಸಂಜೆ ಒಂದು ಬಂದರೆ ಯಾರೂ ಹಸು ಮಾರುವುದಿಲ್ಲ. ವಾರವೆಲ್ಲ ಇಳಿಯುತ್ತಾ ಬಂದರೆ ಮೇವು ನೋಡುತ್ತಾರೆ.

1987ರಲ್ಲಿ ಪೆನ್ನಿನ ಗಾತ್ರದ ಮಿಷನ್ ಬಂತು. ಅದು ಬಣ್ಣ ನೋಡುವುದಿಲ್ಲ. ಲೆಲ್ಯಾಂಡ್ ಕ್ಲಾರ್ಕ್ ಎಂಬ ವಿಜ್ಞಾನಿ 1962ರಲ್ಲೇ ತೋರಿಸಿದ್ದ ದಾರಿಯದು. ಸ್ಟ್ರಿಪ್ಪಿನ ತುದಿಯಲ್ಲಿ ಕಿಣ್ವ ಎಂಬ ವಸ್ತು ಒಣಗಿಸಿ ಹಚ್ಚಿರುತ್ತಾರೆ. ರಕ್ತದ ಸಕ್ಕರೆ ಅದಕ್ಕೆ ತಾಕಿದಾಗ ಅತಿ ಸಣ್ಣ ಕರೆಂಟ್ ಹರಿಯುತ್ತದೆ. ಸಕ್ಕರೆ ಹೆಚ್ಚಾದಷ್ಟೂ ಕರೆಂಟ್ ಹೆಚ್ಚು. ನಮ್ಮ ಮನೆಗಳಲ್ಲಿರುವುದು ಹೆಚ್ಚುಕಡಿಮೆ ಎಲ್ಲವೂ ಈ ಬಗೆಯವೇ. ಅಂದರೆ ಕೆಲಸವೆಲ್ಲ ನಡೆಯುವುದು ಸ್ಟ್ರಿಪ್ಪಿನಲ್ಲಿ. ಮಿಷನ್ ಲೆಕ್ಕ ಬರೆಯುವ ಗುಮಾಸ್ತ ಅಷ್ಟೇ. ಮಿಷನ್ನನ್ನು ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟು, ಸ್ಟ್ರಿಪ್ ಡಬ್ಬಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಮುಚ್ಚಳ ತೆಗೆದು ಇಟ್ಟರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಎಷ್ಟು ತಪ್ಪಿದರೆ ತಪ್ಪಲ್ಲ?

ದೊಡ್ಡಪ್ಪನ ಪ್ರಶ್ನೆಯನ್ನು ತಜ್ಞರೂ ಕೇಳಿಕೊಂಡಿದ್ದಾರೆ. ಅಮೆರಿಕದ ಡಯಾಬಿಟಿಸ್ ಸಂಘ 1987ರಲ್ಲಿ ವ್ಯತ್ಯಾಸ ಶೇ. 10ರೊಳಗೆ ಇರಲಿ ಎಂದಿತು, 1994ರಲ್ಲಿ ಶೇ. 5 ಎಂದಿತು. ಕಾರ್ಖಾನೆಗಳಿಗೆ ಅದು ಎಟುಕಲಿಲ್ಲ. 2003ರಲ್ಲಿ ಬಂದ ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡ ಶೇ. 20ರವರೆಗೆ ಒಪ್ಪಿತು. 2013ರಲ್ಲಿ ಅದನ್ನು ಬಿಗಿ ಮಾಡಿ ಶೇ. 15ಕ್ಕೆ ಇಳಿಸಿದರು. ನೂರು ಸಲ ನೋಡಿದರೆ 95 ಸಲ, ಲ್ಯಾಬಿನ ಅಂಕಿಗಿಂತ ಶೇ. 15 ಹೆಚ್ಚು ಅಥವಾ ಶೇ. 15 ಕಡಿಮೆ ಒಳಗೆ ಬರಬೇಕು. ಲ್ಯಾಬಿನ ಅಂಕಿ 100ಕ್ಕಿಂತ ಕೆಳಗಿದ್ದರೆ ಶೇಕಡಾ ಲೆಕ್ಕ ಇಲ್ಲ, 15 ಅಂಕಿ ಆಚೆ ಈಚೆ.

ಈಗ ಲೆಕ್ಕ ಹಾಕಿ. ಆ ಬೆಳಿಗ್ಗೆ ದೊಡ್ಡಪ್ಪನ ನಿಜವಾದ ಸಕ್ಕರೆ 186 ಎಂದುಕೊಳ್ಳೋಣ. ಶೇ. 15 ಅಂದರೆ ಹತ್ತಿರ ಹತ್ತಿರ 28. 158ರಿಂದ 213ರವರೆಗೆ ಯಾವ ನಂಬರು ಬಂದರೂ ಮಿಷನ್ ಕಾನೂನಿನ ಪ್ರಕಾರ ಸರಿಯೇ. ಅವರ ಮೂರೂ ನಂಬರು ಅದರೊಳಗಿವೆ. ಮಿಷನ್ ಸುಳ್ಳು ಹೇಳಿರಲಿಲ್ಲ. ‘ನೂರ ಎಂಬತ್ತರ ಆಸುಪಾಸು’ ಎಂದು ಮೂರು ಸಲ ಹೇಳಿತ್ತು. ಪರದೆಯ ಮೇಲೆ ‘ಆಸುಪಾಸು’ ಎಂದು ಬರೆಯುವುದಿಲ್ಲ, ಖಂಡಿತ ಎಂಬಂತೆ ಮೂರು ಅಂಕಿ ಬರೆಯುತ್ತದೆ. ಇದು ಕಂಪನಿಗಳ ಮೇಲಿನ ನಮ್ಮ ತಕರಾರು. ಡಬ್ಬಿಯೊಳಗಿನ ಸಣ್ಣ ಅಕ್ಷರದ ಇಂಗ್ಲಿಷ್ ಕಾಗದದಲ್ಲಿ ಇರುವ ಈ ಮಾತು ಡಬ್ಬಿಯ ಮೇಲೆ ಕನ್ನಡದಲ್ಲಿ ಇರಬೇಕಿತ್ತು.

1987ರಲ್ಲೇ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಕ್ಲಾರ್ಕ್ ಎಂಬ ವೈದ್ಯ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆ ಎತ್ತಿದರು. (ಇವರು ಲೆಲ್ಯಾಂಡ್ ಕ್ಲಾರ್ಕ್ ಅಲ್ಲ, ಬೇರೆ.) ಎಷ್ಟು ತಪ್ಪು ಎಂಬುದಕ್ಕಿಂತ, ಆ ತಪ್ಪು ನಂಬಿ ರೋಗಿ ಏನು ಮಾಡುತ್ತಾನೆ ಎಂಬುದು ಮುಖ್ಯ ಎಂದರು. ಕಾಗದದ ಮೇಲೆ ಚೌಕಗಳನ್ನು ಎಳೆದು ಎ ಇಂದ ಇ ವರೆಗೆ ಐದು ವಲಯ ಮಾಡಿದರು. ಎ ಮತ್ತು ಬಿ ವಲಯದ ತಪ್ಪು ಕೇಡು ಮಾಡದು. ಇ ವಲಯದ ತಪ್ಪೆಂದರೆ ಸಕ್ಕರೆ ಬೇಕಾದವನಿಗೆ ಇನ್ಸುಲಿನ್, ಇನ್ಸುಲಿನ್ ಬೇಕಾದವನಿಗೆ ಸಕ್ಕರೆ. ಈ ಇಡೀ ಇತಿಹಾಸದಲ್ಲಿ ನಮಗೆ ಅತಿ ಬುದ್ಧಿವಂತಿಕೆಯದು ಎನಿಸಿದ್ದು ಈ ಚೌಕದ ಕಾಗದ. 186 ಇರಲಿ 209 ಇರಲಿ, ದೊಡ್ಡಪ್ಪ ಅವತ್ತು ನುಂಗಬೇಕಿದ್ದ ಮಾತ್ರೆ ಒಂದೇ. 318 ಮಾತ್ರ ಅವರಿಂದ ಎರಡು ನುಂಗಿಸಿತು.

ಕೆಳಗಿನ ತುದಿಯಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಮಿಷನ್ 72 ತೋರಿಸಿತು, ಮೈ ಬೆವರುತ್ತಿದೆ, ಕೈ ನಡುಗುತ್ತಿದೆ ಎಂದರೆ ನಿಜ 60 ಕೂಡ ಇರಬಹುದು. 70ರ ಮೇಲಿದೆ ಎಂದು ಕಾಯುತ್ತಾ ಕೂರುವುದಲ್ಲ. ಮೂರು ಚಮಚ ಸಕ್ಕರೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು.

ಹಲಸಿನ ತೊಳೆಯ ತನಿಖೆ

ಹಾಗಾದರೆ 318 ಎಲ್ಲಿಂದ ಬಂತು? ಉತ್ತರ ಜಪಾನಿನಲ್ಲಿ ಸಿಕ್ಕಿತು. ಅಲ್ಲಿನ ವೈದ್ಯರು 2011ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಜನರಿಂದ ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣು ಸುಲಿಸಿ, ಬೆರಳು ಚುಚ್ಚಿ ನೋಡಿದರು. ತಿನ್ನದೇ ಇದ್ದರೂ ಅಂಕಿ ವಿಪರೀತ ಏರಿತ್ತು. ಬೆರಳನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೂ ಏರಿಯೇ ಇತ್ತು. ನಲ್ಲಿ ನೀರಿನಲ್ಲಿ ತೊಳೆದಾಗ ಮಾತ್ರ ಸರಿಹೋಯಿತು. ಸ್ಟ್ರಿಪ್ಪಿಗೆ ಬೇಕಾದದ್ದು ಕಣದಷ್ಟು ರಕ್ತ. ಅದರಲ್ಲಿ ಹಣ್ಣಿನ ಸಕ್ಕರೆ ಲೇಪದಷ್ಟು ಸೇರಿದರೂ ಸಾಕು. ಮುತ್ತಜ್ಜ ಪಟ್ಟಿಗೆ ದೊಡ್ಡ ಹನಿ ಬೇಕಿತ್ತು. ಹನಿ ಸಣ್ಣದಾದಷ್ಟೂ ನೋವು ಕಮ್ಮಿಯಾಯಿತು, ಬೆರಳಿನ ಕೊಳೆಯ ತೂಕ ಹೆಚ್ಚಾಯಿತು. ದೊಡ್ಡಪ್ಪನ ಕೈಯಲ್ಲಿ ಎಣ್ಣೆ, ಹಲಸಿನ ರಸ ಎರಡೂ ಇದ್ದವು. ಸ್ಪಿರಿಟ್ ಇದ್ದರೆ ಸಾಕು, ನೀರೇಕೆ ಎನ್ನುವವರು ಇದನ್ನು ಗಮನಿಸಿ. ಬೆಲ್ಲ ಮುಟ್ಟಿದ ಕೈ, ಕಬ್ಬು ಸಿಗಿದ ಕೈ, ಬಾಳೆಹಣ್ಣು ಸುಲಿದ ಕೈ ಎಲ್ಲಕ್ಕೂ ಇದೇ ಮಾತು. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ ಚುಚ್ಚಬೇಕು. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ. ರಕ್ತ ಬರಲಿಲ್ಲವೆಂದು ಹಸುವಿನ ಕೆಚ್ಚಲಿನಂತೆ ಬೆರಳು ಹಿಂಡಿದರೂ ಮಾಂಸದ ನೀರು ಸೇರಿ ಲೆಕ್ಕ ಕೆಡುತ್ತದೆ.

ಹೆಂಗಸರ ವಿಷಯದಲ್ಲಿ ಇನ್ನೊಂದಿದೆ, ಇದನ್ನು ಯಾರೂ ಹೇಳುವುದಿಲ್ಲ. ರಕ್ತ ಕಮ್ಮಿ ಇರುವವರಲ್ಲಿ, ಅಂದರೆ ಕೆಂಪು ಕಣ ಕಡಿಮೆ ಇರುವವರಲ್ಲಿ, ಮಿಷನ್ ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವ ಇದೆ. ಹೊಸ ಮಿಷನ್‌ಗಳಲ್ಲಿ ಕೆಲವು ಇದನ್ನು ಸರಿದೂಗಿಸುತ್ತವೆ, ಎಲ್ಲವೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೂ ಕಬ್ಬಿಣದ ಕೊರತೆ ಇದ್ದರೆ ಕೊಂಚ ಮೇಲೆ ತೋರಿಸುತ್ತದೆ. ಆದ್ದರಿಂದ ಮನೆಯ ಹೆಂಗಸಿಗೆ ಶುಗರ್ ನೋಡಿಸುವಾಗ ಹಿಮೋಗ್ಲೋಬಿನ್ ಕೂಡ ನೋಡಿಸುವುದು ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ ಅವರ ತಂಡದ ಕೆಲಸದಿಂದ ಹುಟ್ಟಿದ ‘ಪಾತ್‌ಶೋಧ್’ ಕಂಪನಿ ಶುಗರ್, ಎಚ್‌ಬಿಎ1ಸಿ, ಹಿಮೋಗ್ಲೋಬಿನ್ ಮೊದಲಾದವನ್ನು ಒಂದೇ ಕೈಯಳತೆಯ ಸಾಧನದಲ್ಲಿ ನೋಡುವ ‘ಅನುಪಾತ್’ ಮಾಡಿದ್ದಕ್ಕೆ ಇದೂ ಕಾರಣವಿರಬೇಕು ಎಂಬುದು ನಮ್ಮ ಊಹೆ.

ಮಿಷನ್ನಿನ ತಪ್ಪು ಜೀವ ತೆಗೆದದ್ದೂ ಇದೆ. ಒಂದು ಬಗೆಯ ಕಿಣ್ವದ ಸ್ಟ್ರಿಪ್‌ಗಳು ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡುವಾಗ ಬಳಸುವ ಒಂದು ದ್ರವದ ಸಕ್ಕರೆಯನ್ನೂ ಗ್ಲುಕೋಸ್ ಎಂದೇ ಎಣಿಸುತ್ತಿದ್ದವು. ಇಲ್ಲದ ಶುಗರ್ ನೋಡಿ ಇನ್ಸುಲಿನ್ ಕೊಟ್ಟು 13 ಜನ ಸತ್ತರೆಂದು ಅಮೆರಿಕದ ಔಷಧ ಇಲಾಖೆ 2009ರಲ್ಲಿ ಎಚ್ಚರಿಕೆ ಹೊರಡಿಸಿತು. ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಇರುವವರು ಮಿಷನ್ ಕೊಳ್ಳುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು.

ಲ್ಯಾಬ್ ತಪ್ಪುವುದಿಲ್ಲವೇ? ತಪ್ಪುತ್ತದೆ. ನಮ್ಮ ಕಡೆಯ ಒಂದು ಶಿಬಿರದಲ್ಲಿ ಬೆಳಿಗ್ಗೆ ಎಂಟಕ್ಕೆ ತೆಗೆದ ರಕ್ತ ಮಧ್ಯಾಹ್ನ ಒಂದರವರೆಗೆ ಪೆಟ್ಟಿಗೆಯಲ್ಲೇ ಕೂತಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಟ್ಯೂಬಿನೊಳಗಿನ ರಕ್ತಕಣಗಳು ಸತ್ತಿರುವುದಿಲ್ಲ. ಅವು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. ಐದು ಗಂಟೆಯಲ್ಲಿ 200 ಇದ್ದದ್ದು 150ರ ಹತ್ತಿರ ಬಂದರೆ ಆಶ್ಚರ್ಯವಿಲ್ಲ. ಆಮೇಲೆ ಮನೆಯ ಮಿಷನ್ ಹೆಚ್ಚು ತೋರಿಸುತ್ತದೆ ಎಂದು ಅದನ್ನು ಬೈಯುತ್ತೇವೆ. ಇದನ್ನು ತಡೆಯಲೆಂದೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬ್ ಇದೆ. ಶುಗರ್‌ಗೆ ರಕ್ತ ಕೊಡುವಾಗ ಮುಚ್ಚಳದ ಬಣ್ಣ ನೋಡಿ, ಬೇರೆಯದಿದ್ದರೆ ಎಷ್ಟು ಹೊತ್ತಿಗೆ ಪರೀಕ್ಷೆ ಮಾಡುತ್ತೀರಿ ಎಂದು ಕೇಳಿ. ಕೇಳಿದರೆ ತಪ್ಪೇನಿಲ್ಲ.

ಮಗ ಲಂಡನ್ನಿನಿಂದಲೋ ಆಸ್ಟ್ರೇಲಿಯಾದಿಂದಲೋ ಮಿಷನ್ ಕಳಿಸಿದ ಮನೆಗಳಲ್ಲಿ ಇನ್ನೊಂದು ಫಜೀತಿ. ಅಲ್ಲಿನ ಅಳತೆ ಬೇರೆ, 7.2 ಎಂದು ತೋರಿಸುತ್ತದೆ. ಅದನ್ನು 18ರಿಂದ ಗುಣಿಸಿದರೆ ನಮ್ಮ 130.

ಜಗಲಿಯ ಮೇಲೆ

ದೇಶದಲ್ಲಿ ಸಕ್ಕರೆ ಕಾಯಿಲೆಗೆಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 2010ರಲ್ಲಿ, ಮೊದಲು 100 ಜಿಲ್ಲೆಗಳಲ್ಲಿ. ಆಮೇಲೆ ಮೆಲ್ಲಗೆ ಗ್ಲುಕೋಮೀಟರ್ ಉಪಕೇಂದ್ರದವರೆಗೆ ಬಂತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ ಎಂದಿತು. 2024ರಲ್ಲಿ ರಾಜ್ಯ ಸರ್ಕಾರ ಮನೆ ಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ವನ್ನು ಕೋಲಾರದಿಂದ ಆರಂಭಿಸಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಗ್ಲುಕೋಮೀಟರ್ ಸೇರಿ ಐದು ಸಾಧನಗಳ ಮಾರಾಟದ ಲಾಭಕ್ಕೆ ಶೇ. 70ರ ಮಿತಿ ಹಾಕಿತು. ಆದರೂ ದೊಡ್ಡಪ್ಪನಂಥವರಿಗೆ ಭಾರವಾಗುವುದು ಮಿಷನ್ ಅಲ್ಲ, ಸ್ಟ್ರಿಪ್. ಅದಕ್ಕೇ ಒಮ್ಮೆಗೆ ಮೂರು ಚುಚ್ಚುವುದು ದಂಡ.

ಹಾಸನದ ವೈದ್ಯರು ದೊಡ್ಡಪ್ಪನಿಗೆ ಹೇಳಿದ ಉಪಾಯ ಇದು. ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ರಕ್ತ ಕೊಡುವ ದಿನ ಮಿಷನ್ನನ್ನೂ ಜೇಬಿನಲ್ಲಿ ತನ್ನಿ. ಅಲ್ಲಿ ಕೈ ತೊಳೆದು, ಆ ಐದು ನಿಮಿಷದೊಳಗೇ ಚುಚ್ಚಿ ಬರೆದಿಟ್ಟುಕೊಳ್ಳಿ. ಊಟದ ನಂತರ ಹೋಲಿಸಬೇಡಿ, ಆಗ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನರದ ರಕ್ತಕ್ಕಿಂತ ಹೆಚ್ಚೇ ಇರುತ್ತದೆ. ದೊಡ್ಡಪ್ಪ ಹಾಗೇ ಮಾಡಿದರು. ಲ್ಯಾಬಿನಲ್ಲಿ 142, ಮಿಷನ್‌ನಲ್ಲಿ 151. “ಒಂಬತ್ತೇ ಅಲ್ವೇನಪ್ಪ” ಎಂದು ಅವರೇ ಲೆಕ್ಕ ಹಾಕಿದರು. ನಂಬರು ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುವುದಿಲ್ಲ ಎಂದು ದೊಡ್ಡಮ್ಮನ ಮುಂದೆ ಮಾತು ಕೊಟ್ಟಿದ್ದಾರೆ. ಸ್ಟ್ರಿಪ್ ಡಬ್ಬಿ ಈಗ ಅಟ್ಟದಿಂದ ಇಳಿದು ದೇವರ ಗೂಡಿನ ಪಕ್ಕ ಕೂತಿದೆ. ಫ್ರಿಡ್ಜಿನಲ್ಲೂ ಇಡುವುದಿಲ್ಲ, ಹೊರಗೆ ತೆಗೆದಾಗ ತೇವ ಹಿಡಿಯುತ್ತದೆ.

ಪುಸ್ತಕದಲ್ಲಿ ಒಂದು ಹೊಸ ಕಲಂ ಎಳೆದಿದ್ದಾರೆ: ‘ಕೈ ತೊಳೆದೆ’. ತೊಳೆದರೆ ಸರಿ ಗುರುತು. ನಂಬರು ತೀರ ವಿಚಿತ್ರವಾಗಿದ್ದರೆ ಮಾತ್ರ ಮತ್ತೆ ತೊಳೆದು ಇನ್ನೊಮ್ಮೆ, ಬೇರೆ ಬೆರಳಿಗೆ.

ಹೋದ ತಿಂಗಳು ನಾವು ಹೋದಾಗ ಆ ಪುಟ ತೋರಿಸಿದರು. ಮೂರು ದಿನದಿಂದ ಬೆಳಗಿನ ಅಂಕಿ ಏರುತ್ತಿತ್ತು: 168, 197, 241. ಮೂರಕ್ಕೂ ಸರಿ ಗುರುತು ಇತ್ತು. ಮೂರನೆಯ ದಿನ ಮತ್ತೆ ತೊಳೆದು ನೋಡಿದ್ದರು, 233. ಊಟ ಬದಲಾಗಿರಲಿಲ್ಲ, ಮಾತ್ರೆ ತಪ್ಪಿರಲಿಲ್ಲ. ಉಪಕೇಂದ್ರಕ್ಕೆ ಪುಸ್ತಕ ತೆಗೆದುಕೊಂಡು ಹೋದರೆ ಅಲ್ಲಿನ ಆರೋಗ್ಯ ಅಧಿಕಾರಿ ಹೆಣ್ಣುಮಗಳು ಮೊದಲು ಕೇಳಿದ್ದೇ “ಅಜ್ಜ, ಕಾಲು ತೋರ್ಸಿ” ಎಂದು. ಬಲಗಾಲಿನ ಕಿರುಬೆರಳ ಸಂದಿಯಲ್ಲಿ ಗಾಯ, ಒಳಗೆ ಕೀವು. ಗದ್ದೆಯಲ್ಲಿ ಏನೋ ತಾಕಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅವತ್ತೇ ಹಾಸನಕ್ಕೆ ಕಳಿಸಿದರು. ಬೆರಳು ಉಳಿಯಿತು.

ಆ ದಿನದ ಸಾಲಿನಲ್ಲಿ ಬರೆದಿರುವುದು: ‘241, 233. ಕಾಲು ನೋಡಿಸಬೇಕು. ಮಿಷನ್‌ಗೆ ಹೊಸ ಶೆಲ್ ತರಬೇಕು.’